ಖಿನ್ನತೆಯೂ ಒಂದು ಕಾಯಿಲೆ

ತಿಕೋಟಾ, ಬಬಲೇಶ್ವರದ ಕಡೆಯ ದ್ರಾಕ್ಷಿ ಬೆಳೆಗಾರರು ಬಳ್ಳಿಯ ಎಲೆ ಬಾಡಿದೊಡನೆ ನೀರಿನ ಕೊರತೆಯೋ, ರೋಗವೋ ಎಂದು ಅಂದೇ ವಿಚಾರಿಸುತ್ತಾರೆ. ಮನೆಯಲ್ಲಿ ಒಬ್ಬರು ಊಟ ಬಿಟ್ಟು, ನಸುಕಿಗೆ ಮುನ್ನವೇ ಎಚ್ಚರಗೊಂಡು, ಯಾರೊಡನೆಯೂ ಮಾತನಾಡದೆ ಕುಳಿತರೆ ಮಾತ್ರ ಆ ವಿಚಾರಣೆ ನಡೆಯುವುದಿಲ್ಲ. ಸೋಮಾರಿತನವೆಂದು ಕೆಲವರು ಗದರುತ್ತಾರೆ. ನಮ್ಮ ಕಥೋಲಿಕ ಕುಟುಂಬಗಳಲ್ಲಿ ಇನ್ನೂ ಒಂದು ಮಾತು ಕೇಳಿಬರುತ್ತದೆ: “ವಿಶ್ವಾಸ ಸಾಲದು, ಜಪಸರ ಹೇಳು.” ತನ್ನನ್ನು ತಾನೇ ಅಯೋಗ್ಯನೆಂದು ತಿಳಿದಿರುವ ರೋಗಿಗೆ ಇದು ಮತ್ತೊಂದು ಆರೋಪವಾಗಿ ತಗಲುತ್ತದೆ.

ದುಃಖವೆಲ್ಲ ಖಿನ್ನತೆಯಲ್ಲ. ಮಳೆ ಕೈಕೊಟ್ಟಾಗ, ಆಪ್ತರು ತೀರಿಕೊಂಡಾಗ ಮನಸ್ಸು ಕುಗ್ಗುವುದು ಸಹಜ. ಆದರೆ ದಿನದ ಬಹುಪಾಲು ಬೇಸರ, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು, ನಿದ್ರೆ ಹಸಿವುಗಳ ಏರುಪೇರು, ಅಕಾರಣ ಅಪರಾಧಭಾವ, ಸಾವಿನ ಯೋಚನೆ ಇವು 2 ವಾರ ಮೀರಿ ಉಳಿದರೆ ವೈದ್ಯರಿಗೆ ತೋರಿಸಲೇಬೇಕು. ಹಿಂದೆಯೇ ಕ್ಷಮೆ ಪಡೆದ ಪಾಪವನ್ನು ಮತ್ತೆ ಮತ್ತೆ ನಿವೇದಿಸುವವರಲ್ಲಿ ಕೆಲವರಿಗೆ ಬೇಕಾದುದು ಇನ್ನೊಂದು ಪ್ರಾಯಶ್ಚಿತ್ತವಲ್ಲ, ಚಿಕಿತ್ಸೆ. ಥೈರಾಯಿಡ್ ಗ್ರಂಥಿಯ ಕೆಲಸ ಕುಂದಿದರೂ ಇಂಥವೇ ಲಕ್ಷಣಗಳು ಕಾಣುವುದರಿಂದ ವೈದ್ಯರು ರಕ್ತಪರೀಕ್ಷೆಯನ್ನೂ ಮಾಡಿಸುವುದುಂಟು.

ಇನ್ನು ಕೆಲವರಲ್ಲಿ ಖಿನ್ನತೆಯ ಹಿಂದೆಯೋ ಮುಂದೆಯೋ ಉನ್ಮಾದದ ದಿನಗಳಿರುತ್ತವೆ. ನಿದ್ರೆಯಿಲ್ಲದೆಯೂ ದಣಿವಿಲ್ಲ, ಮಾತಿಗೆ ಕೊನೆಯಿಲ್ಲ, ಕೈಯಲ್ಲಿ ಹಣ ನಿಲ್ಲದು. ಈ ಸಂಗತಿಯನ್ನು ಮನೆಯವರು ವೈದ್ಯರಿಂದ ಮುಚ್ಚಿಡಬಾರದು; ಬರೀ ಖಿನ್ನತೆಯ ಗುಳಿಗೆ ಕೊಟ್ಟರೆ ಉನ್ಮಾದ ಕೆರಳಬಹುದು. ಅವರಿಗೆ ಲಿಥಿಯಂನಂಥ ಔಷಧಿಯೂ, ಕಾಲಕಾಲಕ್ಕೆ ರಕ್ತಪರೀಕ್ಷೆಯೂ ಬೇಕಾಗುತ್ತದೆ.

ಚಿಕಿತ್ಸೆ ಕೆಡುವುದು ಬಹುಮಟ್ಟಿಗೆ ಮನೆಯಲ್ಲಿಯೇ. ಖಿನ್ನತೆಯ ಗುಳಿಗೆ ಜ್ವರದ ಗುಳಿಗೆಯಂತಲ್ಲ; ಗುಣ ಕಾಣಲು ಸಾಮಾನ್ಯವಾಗಿ 2ರಿಂದ 4 ವಾರ ಬೇಕು. ಹೊಟ್ಟೆ ತೊಳಸುವುದೇ ಮೊದಲಾದ ತೊಂದರೆಗಳೋ ಮೊದಲ ವಾರದಲ್ಲಿಯೇ ಬರುತ್ತವೆ. ಹತ್ತನೆಯ ದಿನಕ್ಕೆ “ಇದರಿಂದ ಏನೂ ಆಗಲಿಲ್ಲ” ಎಂದು ಬಿಟ್ಟುಬಿಡುವವರು ಬಹಳ. ಗುಣವಾದ ಮೇಲೂ ಕನಿಷ್ಠ 6 ತಿಂಗಳು ಸೇವಿಸಬೇಕು; ನಿಲ್ಲಿಸುವುದಾದರೆ ವೈದ್ಯರ ಮಾತಿನಂತೆ ಹಂತಹಂತವಾಗಿ. ಇವು ಚಟ ಹಿಡಿಸುವ ಮದ್ದುಗಳಲ್ಲ. ಹಗುರವಾದ ಖಿನ್ನತೆಗೆ ಆಪ್ತಸಮಾಲೋಚನೆಯೊಂದೇ ಸಾಕಾಗುವುದೂ ಉಂಟು.

ಸಿರಾಖನ ಗ್ರಂಥದ 38ನೆಯ ಅಧ್ಯಾಯವು ರೋಗಿಗೆ ಪ್ರಾರ್ಥಿಸಲು ಹೇಳುತ್ತದೆ, ವೈದ್ಯನಿಗೆ ಎಡೆಗೊಡಲೂ ಹೇಳುತ್ತದೆ. ಆತ್ಮಹತ್ಯೆ ಮಾಡಿಕೊಂಡವರಿಗೆ ಕ್ರೈಸ್ತ ಅಂತ್ಯಸಂಸ್ಕಾರವನ್ನು ನಿರಾಕರಿಸುತ್ತಿದ್ದ 1917ರ ಧರ್ಮಸಭಾ ಕಾನೂನಿನ ವಿಧಿ 1983ರ ಸಂಹಿತೆಯಲ್ಲಿ ಇಲ್ಲ. ತೀವ್ರ ಮಾನಸಿಕ ಅಸ್ವಸ್ಥತೆಯು ಅಂಥವರ ಹೊಣೆಯನ್ನು ತಗ್ಗಿಸುತ್ತದೆಂದೂ, ಅವರ ರಕ್ಷಣೆಯ ವಿಷಯದಲ್ಲಿ ನಿರಾಶರಾಗಬಾರದೆಂದೂ 1992ರ ಕಥೋಲಿಕ ಧರ್ಮೋಪದೇಶ ಗ್ರಂಥ ಬೋಧಿಸುತ್ತದೆ. ಆದರೂ ಅಂಥ ಮನೆಗೆ ಸಾಂತ್ವನ ಹೇಳಲು ಹೋಗುವಾಗ ನಮ್ಮ ಕಾಲು ಇಂದಿಗೂ ಹಿಂಜರಿಯುತ್ತದೆ.

ಈ ಚಿಕಿತ್ಸೆಗಾಗಿ ದೂರ ಅಲೆಯಬೇಕಾಗಿಲ್ಲ; ವಿಜಯಪುರದ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬಹುದು. ಹೆಚ್ಚಿನ ಆರೈಕೆಗೆ ಧಾರವಾಡದ ಡಿಮ್ಹಾನ್ಸ್ ಇದೆ. 1845ರಲ್ಲಿ ಆರಂಭವಾದ ಆ ಆಸ್ಪತ್ರೆಗೆ ಜನರ ಬಾಯಲ್ಲಿ ಹಳೆಯ ಹೆಸರೇ ಅಂಟಿಕೊಂಡಿರುವುದು ದುರ್ದೈವ. ಬಸ್ಸು ಹತ್ತಲು ಸಂಕೋಚಪಡುವವರು 14416ಕ್ಕೆ ದೂರವಾಣಿ ಕರೆ ಮಾಡಬಹುದು. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಈ ಟೆಲಿ ಮಾನಸ್ ಸೇವೆ ಉಚಿತ, ಹಗಲಿರುಳೂ ಲಭ್ಯ, ಕನ್ನಡದಲ್ಲಿಯೇ ಮಾತನಾಡಬಹುದು. ಆದರೆ ಸಾಯುವ ಮಾತನ್ನಾಡುವವರ ವಿಷಯದಲ್ಲಿ ನಾಳೆಗೆ ಕಾಯುವಂತಿಲ್ಲ. ಅವರನ್ನು ಒಂಟಿಯಾಗಿ ಬಿಡದೆ, ತೋಟಕ್ಕೆ ತಂದಿಟ್ಟ ಕೀಟನಾಶಕದ ಡಬ್ಬಿಗಳಿಗೆ ಬೀಗ ಹಾಕಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.