ಬ್ರಸೆಲ್ಸಿನ ಬೀಗದ ಕೈ ಯಾರಲ್ಲಿದೆ?

ಗುಜರಾತಿನ ವಾಡಿನಾರ್ ಎಂಬಲ್ಲಿ ದೊಡ್ಡದೊಂದು ತೈಲ ಶುದ್ಧೀಕರಣ ಕಾರ್ಖಾನೆಯಿದೆ. 2025ರ ಜುಲೈ 18ರಂದು ಯುರೋಪಿನ ಒಕ್ಕೂಟದ 27 ಸರ್ಕಾರಗಳು ಬ್ರಸೆಲ್ಸಿನಲ್ಲಿ ರಷ್ಯದ ವಿರುದ್ಧ ಹದಿನೆಂಟನೆಯ ಸಲ ದಿಗ್ಬಂಧನದ ಪಟ್ಟಿ ಹೊರಡಿಸಿದಾಗ ಈ ಕಾರ್ಖಾನೆಯೂ ಅದರಲ್ಲಿ ಸೇರಿತು. ಅದರ ಬಂಡವಾಳದಲ್ಲಿ ಅರ್ಧಕ್ಕೆ ತುಸು ಕಡಿಮೆ ಪಾಲು ರಷ್ಯದ ಕಂಪನಿಯದೆಂಬುದೇ ಕಾರಣ. ಅಲ್ಲಿ ದುಡಿಯುವವರನ್ನಾಗಲಿ, ಅದರ ಎಣ್ಣೆ ಮಾರುವ ಪೆಟ್ರೋಲ್ ಬಂಕಿನವರನ್ನಾಗಲಿ ಯಾರೂ ಕೇಳಲಿಲ್ಲ. ಕೇಳುವರೆಂದು ನಾವೂ ಎಣಿಸಿರಲಿಲ್ಲ. ಆದರೆ ಯುರೋಪಿನ ಕೂಲಿಗಾರ ವೋಟು ಕೊಟ್ಟು ಕಳಿಸಿದ ಪಾರ್ಲಿಮೆಂಟಿನ ಒಪ್ಪಿಗೆಯನ್ನಾದರೂ ಕೇಳಿದರೇ? ಅದೂ ಇಲ್ಲ!

ಯುಕ್ರೇನಿನ ಮೇಲೆ ರಷ್ಯ ನಡೆಸಿದ್ದು ಅನ್ಯಾಯದ ದಾಳಿ. ಹಾಗೆನ್ನಲು ನಮಗೆ ಸಂಕೋಚವಿಲ್ಲ. ನಮ್ಮ ಪ್ರಶ್ನೆ ಬೇರೆ: ಇಷ್ಟು ದೊಡ್ಡ ಅಧಿಕಾರ ಯಾರಿಗೆ ಉತ್ತರ ಕೊಡಬೇಕು?

1992ರ ಮಾಸ್ಟ್ರಿಕ್ಟ್ ಒಪ್ಪಂದದಲ್ಲಿ ವಿದೇಶಾಂಗ ಮತ್ತು ರಕ್ಷಣೆಯ ನೀತಿ ಎಲ್ಲರಿಗೂ ಒಂದೇ ಎಂದು ಬರೆದರು. 2009ರಲ್ಲಿ ಜಾರಿಗೆ ಬಂದ ಲಿಸ್ಬನ್ ಒಪ್ಪಂದ ಅದಕ್ಕೊಬ್ಬ ಉನ್ನತ ಪ್ರತಿನಿಧಿಯನ್ನೂ ರಾಯಭಾರಿಗಳ ದಂಡನ್ನೂ ಕೊಟ್ಟಿತು. ಆದರೆ ಮುಖ್ಯ ನಿರ್ಣಯಗಳಿಗೆಲ್ಲ ಎಲ್ಲ ಸರ್ಕಾರಗಳ ಒಮ್ಮತ ಬೇಕು. ಪಾರ್ಲಿಮೆಂಟಿಗೆ ವರದಿ ಕೊಟ್ಟು ಅಭಿಪ್ರಾಯ ಕೇಳಿದರೆ ಸಾಕು. ನ್ಯಾಯಾಲಯಕ್ಕಂತೂ ದಿಗ್ಬಂಧನಕ್ಕೊಳಗಾದವರ ದೂರಿನಂಥ ಒಂದೆರಡು ಕಿಟಕಿಗಳನ್ನು ಬಿಟ್ಟರೆ ಒಳಗೆ ಪ್ರವೇಶವೇ ಇಲ್ಲ.

ಒಮ್ಮತವೆಂದರೆ ಕೇಳಲು ಇಂಪು. ನಡೆಯುವುದು ಚೌಕಾಸಿ. ಇದೇ ಹದಿನೆಂಟನೆಯ ಪಟ್ಟಿಯನ್ನು ಸ್ಲೊವಾಕಿಯದ ಪ್ರಧಾನಿ ರಷ್ಯದ ಅನಿಲದ ವಿಷಯದಲ್ಲಿ ಭರವಸೆ ಬೇಕೆಂದು ವಾರಗಟ್ಟಲೆ ತಡೆದು ನಿಲ್ಲಿಸಿದ್ದರು. ಗ್ರೀಸಿನ ಕಥೆ ಇದಕ್ಕಿಂತ ದಾರುಣ. 2016ರಲ್ಲಿ ಅದರ ಪಿರೇಯಸ್ ಬಂದರಿನ ಅರ್ಧಕ್ಕಿಂತ ಹೆಚ್ಚು ಪಾಲು ಚೀನದ ಸರ್ಕಾರಿ ಹಡಗು ಕಂಪನಿಯ ಕೈ ಸೇರಿತು. ಮರುವರ್ಷ ಜೂನಿನಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿಯಲ್ಲಿ ಚೀನವನ್ನು ಟೀಕಿಸುವ ಒಕ್ಕೂಟದ ಹೇಳಿಕೆಗೆ ಗ್ರೀಸ್ ಅಡ್ಡ ಬಂತು. ಗ್ರೀಸನ್ನು ಬೈಯುವುದು ಸುಲಭ. ಆಸ್ತಿ ಮಾರಿ ಸಾಲ ತೀರಿಸು ಎಂದು ಅದರ ಕುತ್ತಿಗೆಯ ಮೇಲೆ ಕೂತಿದ್ದವರು ಯಾರು? ಸಾಲ ಕೊಟ್ಟವರ ಪರವಾಗಿ ಷರತ್ತು ಹಾಕಿದವರಲ್ಲಿ ಬ್ರಸೆಲ್ಸಿನ ಆಯೋಗವೂ ಒಂದು! ಬಂದರನ್ನು ಮಾರಿಸಿ, ಆಮೇಲೆ ಐಕ್ಯದ ಉಪದೇಶ ಹೇಳುವುದು ಯಾವ ಸೀಮೆಯ ನೀತಿ?

ಹಾಗಾದರೆ ಈ ತಡೆಯುವ ಹಕ್ಕನ್ನೇ ತೆಗೆದುಹಾಕಿ, ಬಹುಮತದಿಂದ ನಡೆಸೋಣ ಎನ್ನುವ ಪಂಡಿತರುಂಟು. ಮಾತು ತಪ್ಪಲ್ಲ. ಆದರೆ ಯಾರ ಬಹುಮತ? ಕದ ಮುಚ್ಚಿ ಕೂತ ಮಂತ್ರಿಗಳದೋ, ಜನರಿಂದ ಆರಿಸಿ ಬಂದವರದೋ? ಮಂತ್ರಿಗಳ ಬಹುಮತದ ರುಚಿಯನ್ನು 2025ರ ಮೇ ತಿಂಗಳಲ್ಲಿ ನೋಡಿದ್ದಾಯಿತು. ಶಸ್ತ್ರಾಸ್ತ್ರ ಕೊಳ್ಳಲೆಂದು 150 ಶತಕೋಟಿ ಯೂರೋ ಸಾಲದ ಯೋಜನೆಯನ್ನು ತುರ್ತು ಪರಿಸ್ಥಿತಿಯ ವಿಧಿಯೊಂದನ್ನು ಹಿಡಿದು, ಪಾರ್ಲಿಮೆಂಟಿನ ವೋಟಿಲ್ಲದೆ ಜಾರಿ ಮಾಡಿದರು. ತೀರಿಸಲು 45 ವರ್ಷದವರೆಗೆ ವಾಯಿದೆ. ಇಂದು ತೊಟ್ಟಿಲಲ್ಲಿರುವ ಕೂಸು ನಾಳೆ ಗಿರಣಿಯಲ್ಲಿ ದುಡಿದೋ, ಅಂಗಡಿಯಿಟ್ಟು ತೆರಿಗೆ ಕಟ್ಟಿಯೋ ತೀರಿಸಬೇಕಾದ ಸಾಲ ಇದು. ಇಂಥದ್ದಕ್ಕೆ ಅವಸರ ಹೇಗೆ ಬರುತ್ತದೆ ನೋಡಿ! ಆಸ್ಪತ್ರೆಗೆ, ಕೂಲಿಗಾರನ ಮನೆಗೆ ಇಂಥ ತುರ್ತು ವಿಧಿಯನ್ನು ಹುಡುಕಿದವರುಂಟೇ?

ಹಿಂದೊಮ್ಮೆ ಹೀಗಿರಲಿಲ್ಲ. 1952ರಲ್ಲಿ ಆರು ದೇಶಗಳು ಒಂದೇ ಯುರೋಪಿನ ಸೈನ್ಯ ಕಟ್ಟುವ ಒಪ್ಪಂದಕ್ಕೆ ಸಹಿ ಹಾಕಿದವು. 1954ರ ಆಗಸ್ಟ್ 30ರಂದು ಫ್ರಾನ್ಸಿನ ರಾಷ್ಟ್ರೀಯ ಸಭೆ 319ಕ್ಕೆ 264 ವೋಟಿನಿಂದ ಅದನ್ನು ಬದಿಗಿಟ್ಟಿತು. ಅಲ್ಲಿನ ಸಮಾಜವಾದಿಗಳೇ ಎರಡು ಪಾಲಾದರು. ಆ ತೀರ್ಪು ಸರಿಯೋ ತಪ್ಪೋ ಎಂದು ನಮ್ಮೊಳಗೂ ಜಗಳವಾಡಬಹುದು. ಆದರೆ ಪ್ರಶ್ನೆ ಸಭೆಗೆ ಬಂತು, ವಾದ ನಡೆಯಿತು, ಯಾರು ಯಾವ ಕಡೆ ಎಂಬುದು ಊರಿಗೆಲ್ಲ ತಿಳಿಯಿತು.

ಯುರೋಪಿನ ಸಮಾಜವಾದಿಗಳು ಇಂದು ಪಟ್ಟು ಹಿಡಿಯಬೇಕಾದ್ದು ಇದಕ್ಕೇ: ದಿಗ್ಬಂಧನವಾಗಲಿ, ಶಸ್ತ್ರಾಸ್ತ್ರದ ಸಾಲವಾಗಲಿ, ಚುನಾಯಿತ ಸಭೆಯಲ್ಲಿ ಬಹಿರಂಗವಾಗಿ ವೋಟಿಗೆ ಬರಲಿ. ಪಾರ್ಲಿಮೆಂಟು 2025ರ ಆಗಸ್ಟಿನಲ್ಲಿ ಲಕ್ಸೆಂಬರ್ಗಿನ ನ್ಯಾಯಾಲಯದಲ್ಲಿ ದಾವೆ ಹೂಡಿತೇನೋ ನಿಜ. ಅದರ ತಕರಾರು ತನ್ನನ್ನು ಕೇಳಲಿಲ್ಲವೆಂಬುದು ಮಾತ್ರ. ಸಾಲ ಬೇಡವೆಂದು ಅದು ಹೇಳಲಿಲ್ಲ.