ದೌಹೃದಿನಿಯೂ ಮೆಂತ್ಯದ ಲೋಳೆಯೂ

ಇಲ್ಲಿ ತುಮಕೂರಿನ ಸದಾಶಿವನಗರದಲ್ಲಿ ನಮ್ಮ ನೆರೆಮನೆಯ ಗೃಹಿಣಿಯೊಬ್ಬರು ಕಳೆದ ತಿಂಗಳು ಚಿಂತಾಕ್ರಾಂತರಾಗಿ ಬಂದರು. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದ ಅವರ ಮಗಳ ರಕ್ತದಲ್ಲಿ ಸಕ್ಕರೆ ಹೆಚ್ಚಾಗಿದೆಯೆಂದು ವೈದ್ಯರು ತಿಳಿಸಿದ್ದರಂತೆ. "ಬಸುರಿಗೆ ಸೂಜಿಮದ್ದು ಯಾಕೆ ಮೇಷ್ಟ್ರೇ? ರಾಗಿಮುದ್ದೆ, ಮೆಂತ್ಯ ಸಾಲದೇ? ನಾವೆಲ್ಲ ಅದನ್ನೇ ತಿಂದು ಹೆತ್ತವರಲ್ಲವೇ?" ಎಂದು ಕೇಳಿದರು. ನಾವು ವೈದ್ಯರಲ್ಲ. ಆದರೂ ಈ ಪ್ರಶ್ನೆಯು ಅನೇಕ ಮನೆಗಳಲ್ಲಿ ಏಳತಕ್ಕದ್ದಾದುದರಿಂದ, ಓದಿ ತಿಳಿದಷ್ಟನ್ನು ವಾಚಕರ ಮುಂದಿಡುತ್ತೇವೆ.

ರಾತ್ರಿ ನೆನೆಯಿಟ್ಟ ಮೆಂತ್ಯವು ಬೆಳಗಾಗುವಷ್ಟರಲ್ಲಿ ಲೋಳೆ ಬಿಡುವುದನ್ನು ಎಲ್ಲರೂ ಕಂಡಿರುವರಷ್ಟೆ. ಹೂಗಳನ್ನು ಪೋಣಿಸಿ ಮಾಲೆ ಕಟ್ಟುವಂತೆ, ಪ್ರಕೃತಿಯು ಶರ್ಕರೆಯ ಕಣಗಳನ್ನು ಒಂದಕ್ಕೊಂದು ಕೂಡಿಸಿ ದೀರ್ಘವಾದ ಸರಗಳನ್ನು ರಚಿಸುವುದುಂಟು. ಇವಕ್ಕೆ ಜೈವಿಕ ಪಾಲಿಮರುಗಳೆಂದು ಹೆಸರು. ಮೆಂತ್ಯದ ಲೋಳೆಯಲ್ಲಿರುವ ಗ್ಯಾಲಕ್ಟೊಮನ್ನಾನ್ ಇಂತಹುದೊಂದು ಸರ. ಅನ್ನದ ಪಿಷ್ಟವೂ ಇಂತಹುದೇ. ಆದರೆ ಪಿಷ್ಟವನ್ನು ನಮ್ಮ ಜೀರ್ಣರಸಗಳು ಬೇಗನೆ ಬಿಡಿಸಿ ಸಕ್ಕರೆಯನ್ನಾಗಿ ಮಾಡುವುವು. ಮೆಂತ್ಯದ ಲೋಳೆಯನ್ನೂ ರಾಗಿಯ ಹೊಟ್ಟಿನ ನಾರನ್ನೂ ಬಿಡಿಸಲಾರವು. ಲೋಳೆಯು ಕರುಳಿನಲ್ಲಿ ಆಹಾರವನ್ನು ಮಂದವಾಗಿಸಿ, ಸಕ್ಕರೆಯು ರಕ್ತಕ್ಕೆ ಸೇರುವ ವೇಗವನ್ನು ತಗ್ಗಿಸುವುದು.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು 2017ರಲ್ಲಿ ಪ್ರಕಟಿಸಿದ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ ನಾರು ಸುಮಾರು 11 ಗ್ರಾಂ. ಬಿಳಿಯ ಅಕ್ಕಿಯಲ್ಲಿ 3 ಗ್ರಾಂ ಸಹ ಇಲ್ಲ. ಅದೇ ಸಂಸ್ಥೆಯಲ್ಲಿ 1990ರ ಸುಮಾರಿಗೆ ಮಧುಮೇಹಿಗಳಿಗೆ ಮೆಂತ್ಯದ ಪುಡಿಯನ್ನು ಕೊಟ್ಟು ನೋಡಿದಾಗ ಸಕ್ಕರೆ ತಗ್ಗಿದುದು ಕಂಡುಬಂದಿತು. ಹೀಗಿರುವಾಗ ನೆರೆಮನೆಯವರ ನಂಬಿಕೆಯು ನಿರಾಧಾರವೆನ್ನಲಾಗದು. ಆದರೆ ಆ ಪರೀಕ್ಷೆಗಳು ಗರ್ಭಿಣಿಯರನ್ನು ಕುರಿತವಲ್ಲ.

ನಮ್ಮ ಪ್ರಾಚೀನ ವೈದ್ಯರು ಗರ್ಭಿಣಿಯನ್ನು ದೌಹೃದಿನಿ, ಅಂದರೆ ಎರಡು ಹೃದಯಗಳುಳ್ಳವಳು, ಎಂದು ಕರೆದಿರುವರು. ತಾಯಿಯ ರಕ್ತದ ಸಕ್ಕರೆಯು ಶಿಶುವಿಗೂ ಹರಿಯುವುದು. ಆ ಹೊರೆಯನ್ನು ತಾಳಲು ಶಿಶುವು ತಾನೇ ಹೆಚ್ಚಾಗಿ ಇನ್ಸುಲಿನ್ ಉತ್ಪಾದಿಸಿ ಅತಿಯಾಗಿ ಬೆಳೆಯಬಹುದು, ಹೆರಿಗೆ ಕಷ್ಟವಾಗಬಹುದು, ಹುಟ್ಟಿದೊಡನೆ ಅದರ ಸಕ್ಕರೆ ಕುಸಿಯಬಹುದು. ಇದು ದೂರದ ಮಾತೆಂದು ಭಾವಿಸತಕ್ಕದ್ದಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಲ್ಲಿ ಗರ್ಭಿಣಿಯರನ್ನು ಪರೀಕ್ಷಿಸಿದಾಗ, ನೂರಕ್ಕೆ ಸುಮಾರು 6 ಮಂದಿಗೆ ಈ ತೊಂದರೆಯಿದ್ದುದು ತಿಳಿದುಬಂದಿತು.

ಹಾಗಾದರೆ ಮಾಡತಕ್ಕದ್ದೇನು? ಗುಬ್ಬಿ, ಕುಣಿಗಲ್ ಹೊಲಗಳ ರಾಗಿ ನಮಗೆ ಪರಕೀಯವಲ್ಲ. ಮುದ್ದೆ, ಸೊಪ್ಪು, ಕಾಳು ಇರಲಿ. ಆದರೆ ರಾಗಿಯಲ್ಲಿಯೂ ಪಿಷ್ಟವೇ ಅಧಿಕವಾದುದರಿಂದ ಮಿತಿಯಿರಬೇಕು, ಬೆಲ್ಲ ಸುರಿದ ಗಂಜಿಯಂತೂ ಸಲ್ಲದು. ಒಗ್ಗರಣೆಯ ಮೆಂತ್ಯಕ್ಕೆ ಅಂಜಬೇಕಾಗಿಲ್ಲ. ಔಷಧವೆಂದು ಚಮಚಗಟ್ಟಲೆ ಪುಡಿಯನ್ನು ವೈದ್ಯರ ಅಪ್ಪಣೆಯಿಲ್ಲದೆ ಗರ್ಭಿಣಿಗೆ ಕೊಡಲಾಗದು. ನಾರು ತಿಂದವರಿಗೆ ನೀರು ಬೇಕು. ಇಲ್ಲವಾದರೆ ಮಲಬದ್ಧತೆ ಹೆಚ್ಚುವುದು. ಬಾಣಂತಿಗೆ ನೀರು ಕೊಡಬಾರದೆಂಬ ಹಿರಿಯರ ಕಟ್ಟಳೆಯನ್ನು ಇನ್ನು ಬಿಡುವುದೇ ಲೇಸು.

ಮುಖ್ಯವಾದುದು ಪರೀಕ್ಷೆ. ವೈದ್ಯರನ್ನು ಮೊದಲು ಕಂಡಾಗ ಒಮ್ಮೆ, 24ರಿಂದ 28ನೆಯ ವಾರದೊಳಗೆ ಮತ್ತೊಮ್ಮೆ, 75 ಗ್ರಾಂ ಗ್ಲೂಕೋಸನ್ನು ಕುಡಿಸಿ 2 ಗಂಟೆಯ ನಂತರ ರಕ್ತವನ್ನು ನೋಡುವರು. 140 ಮಿಲಿಗ್ರಾಂ ಅಥವಾ ಹೆಚ್ಚಿದ್ದರೆ ಪಥ್ಯ. ಪಥ್ಯಕ್ಕೆ ಬಗ್ಗದಿದ್ದರೆ ಔಷಧ. ನೆರೆಮನೆಯವರು ಅಂಜಿದ ಸೂಜಿಮದ್ದು ಸಾಮಾನ್ಯವಾಗಿ ಇನ್ಸುಲಿನ್. ಅದು ಸಕ್ಕರೆಯಂತೆ ಶಿಶುವಿಗೆ ದಾಟುವುದಿಲ್ಲ.

ಇಷ್ಟನ್ನು ಕೇಳಿದ ಆ ತಾಯಿಯು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮುದ್ದೆಯೂ ಇರಲಿ, ಸೂಜಿಯೂ ಇರಲಿ ಅನ್ನಿ" ಎಂದರು. ಮರುದಿನವೇ ಮಗಳನ್ನು ವೈದ್ಯರಲ್ಲಿಗೆ ಕರೆದೊಯ್ದುದನ್ನು ಕಂಡು ನಮಗೆ ಸಮಾಧಾನವಾಯಿತು.