ರಾಜೀನಾಮೆಯ ದಿಕ್ಕು

ಪಕ್ಷ ಬಿಟ್ಟವರು ಆ ಪಕ್ಷದ ಚಿಹ್ನೆಯಿಂದ ಗೆದ್ದ ಕುರ್ಚಿಯನ್ನೂ ಬಿಡಬೇಕು ಎಂಬುದು ನಮ್ಮಲ್ಲಿ ಕಾನೂನಾದದ್ದು 1985ರಲ್ಲಿ. ನಡತೆಯಾಗಿ ಅದು ಇನ್ನೂ ಹಳೆಯದು. 1948ರಲ್ಲಿ ಸಮಾಜವಾದಿಗಳು ಕಾಂಗ್ರೆಸ್ಸಿನಿಂದ ಹೊರನಡೆದಾಗ ಆಚಾರ್ಯ ನರೇಂದ್ರ ದೇವ ಮತ್ತು ಸಂಗಡಿಗರು ಸಂಯುಕ್ತ ಪ್ರಾಂತ್ಯದ ಶಾಸನಸಭೆಗೆ ರಾಜೀನಾಮೆ ಕೊಟ್ಟು ಮತ್ತೆ ಮತದಾರರ ಮುಂದೆ ನಿಂತರು. ಹಾಗೆ ಮಾಡಿ ಎಂದು ಯಾವ ಕಾಯ್ದೆಯೂ ಹೇಳಿರಲಿಲ್ಲ. ಕಾಂಗ್ರೆಸ್ಸು ಬಾಬಾ ರಾಘವದಾಸರನ್ನು ಎದುರಿಗೆ ನಿಲ್ಲಿಸಿತು. ನರೇಂದ್ರ ದೇವರು ಸೋತರು. 2019ರಲ್ಲಿ ಕರ್ನಾಟಕದ ಬಂಡಾಯ ಶಾಸಕರು ಮಾಡಿದ್ದೂ ಕಾಗದದ ಮೇಲೆ ಅದೇ: ರಾಜೀನಾಮೆ, ಉಪಚುನಾವಣೆ, ಜನರ ತೀರ್ಪು. ವ್ಯತ್ಯಾಸ ಇರುವುದು ನಡಿಗೆಯ ದಿಕ್ಕಿನಲ್ಲಿ. ಅವರು ಅಧಿಕಾರದ ಸಾಲಿನಿಂದ ಎದ್ದು ವಿರೋಧದ ಸಾಲಿಗೆ ಹೋದರು. ಇವರು ಆಡಳಿತ ಪಕ್ಷದ ಸಾಲಿನಿಂದ ಎದ್ದು, ಸರ್ಕಾರ ಬೀಳಿಸಿ, ಹೊಸ ಸರ್ಕಾರದ ಮಂತ್ರಿಗಳ ಸಾಲಿಗೆ ಬಂದು ಕೂತರು.

ಪಕ್ಷಾಂತರದ ಚರ್ಚೆ ಬಂದಾಗಲೆಲ್ಲ ನಾವು ನಿಷ್ಠೆ ಬದಲಿಸುವುದೇ ಪಾಪ ಎಂಬಂತೆ ಮಾತಾಡುತ್ತೇವೆ. ಅದು ತಪ್ಪು. ಮೂವತ್ತು ವರ್ಷದಲ್ಲಿ ಒಬ್ಬ ಮನುಷ್ಯನ ವಿಚಾರ ಬದಲಾಗದಿದ್ದರೆ ಅವನು ಏನನ್ನೂ ಓದಿಲ್ಲ, ಏನನ್ನೂ ನೋಡಿಲ್ಲ ಎಂದೇ ಅರ್ಥ. ಅಲ್ಲದೆ ಕೂತಲ್ಲೇ ಕೂತವನೂ ಬದಲಾಗದೆ ಉಳಿಯುವುದಿಲ್ಲ, ಪಕ್ಷವೇ ಅವನನ್ನು ಹೊತ್ತು ತಿರುಗುತ್ತದೆ. ಜೆಡಿಎಸ್ 2006ರಲ್ಲಿ ಬಿಜೆಪಿ ಜೊತೆ, 2018ರಲ್ಲಿ ಕಾಂಗ್ರೆಸ್ ಜೊತೆ ಸರ್ಕಾರ ಮಾಡಿ 2023ರಲ್ಲಿ ಎನ್‌ಡಿಎ ಸೇರಿತು. ಇಷ್ಟೂ ಕಾಲ ಮಿಸುಕದೆ ಅಲ್ಲೇ ಇದ್ದ ಶಾಸಕ ಕಾನೂನಿನ ಕಣ್ಣಿಗೆ ನಿಷ್ಠಾವಂತ. ಆದ್ದರಿಂದ ಬದಲಾವಣೆ ಆಯಿತೋ ಇಲ್ಲವೋ ಎಂಬ ಪ್ರಶ್ನೆಯಿಂದ ಏನೂ ತಿಳಿಯುವುದಿಲ್ಲ. ಯಾವ ಹೊತ್ತಿಗೆ ಆಯಿತು, ಏನನ್ನು ಬಿಟ್ಟುಕೊಟ್ಟು ಆಯಿತು ಎಂದು ಕೇಳಬೇಕು. ಜಗದೀಶ ಶೆಟ್ಟರ್ 2023ರ ಏಪ್ರಿಲ್‌ನಲ್ಲಿ ಬಿಜೆಪಿ ಟಿಕೆಟ್ ತಪ್ಪಿದ ಬೆನ್ನಿಗೇ ಕಾಂಗ್ರೆಸ್ ಸೇರಿದರು. ಸೋತರು, ಮೇಲ್ಮನೆ ಸದಸ್ಯರಾದರು, 2024ರ ಜನವರಿಗೆ ಮರಳಿ ಬಿಜೆಪಿ. ಒಂಬತ್ತು ತಿಂಗಳಲ್ಲಿ ಎರಡು ಸಲ ಸಿದ್ಧಾಂತ ಬದಲಾಯಿತೆಂದು ಅವರ ಅಭಿಮಾನಿಗಳೂ ವಾದಿಸಲಾರರು. ಸಿದ್ದರಾಮಯ್ಯ ಜೆಡಿಎಸ್‌ನಿಂದ ಹೊರಬಂದದ್ದರ ಹಿಂದೆಯೂ ನಾಯಕತ್ವದ ಜಗಳವಿತ್ತು, ಅದನ್ನು ತತ್ವದ ಕಥೆಯಾಗಿ ಹೇಳಬೇಕಿಲ್ಲ. ಆದರೆ 2006ರ ಡಿಸೆಂಬರ್‌ನಲ್ಲಿ ಅವರು ಚಾಮುಂಡೇಶ್ವರಿಯಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿ ನಿಂತಾಗ ರಾಜ್ಯದಲ್ಲಿ ಜೆಡಿಎಸ್-ಬಿಜೆಪಿ ಸರ್ಕಾರವಿತ್ತು. ಕಾಂಗ್ರೆಸ್ಸಿನ ಕೈಯಲ್ಲಿ ಆಗ ಕೊಡಲಿಕ್ಕೆ ಮಂತ್ರಿಗಿರಿಯೂ ಇರಲಿಲ್ಲ, ನಿಗಮ-ಮಂಡಳಿಯೂ ಇರಲಿಲ್ಲ. ಅವರು ಗೆದ್ದದ್ದು 257 ಮತಗಳಿಂದ. ಒಳಗಿನ ಉದ್ದೇಶ ಏನೇ ಇರಲಿ, ಕೈಯಲ್ಲಿದ್ದುದನ್ನು ಪಣಕ್ಕಿಟ್ಟದ್ದಂತೂ ಕಣ್ಣಿಗೆ ಕಾಣುತ್ತದೆ.

ನಮ್ಮ ಪಕ್ಷಾಂತರ ನಿಷೇಧ ಕಾಯ್ದೆಗೆ ಕಾಣದಿರುವುದು ಇದೇ ವ್ಯತ್ಯಾಸ. ಪಕ್ಷದಲ್ಲೇ ಇದ್ದು, ಯಾವುದೋ ಒಂದು ಮಸೂದೆ ತನ್ನ ಕ್ಷೇತ್ರದ ಜನರಿಗೆ ಕೆಡುಕು ಎಂದು ವಿಪ್ ಮೀರಿ ಮತ ಹಾಕುವ ಶಾಸಕ ಸ್ಥಾನ ಕಳೆದುಕೊಳ್ಳಬಹುದು. ಸ್ಪೀಕರ್ ಕೈಗೆ ರಾಜೀನಾಮೆ ಕೊಟ್ಟು ಬೇರೆ ಪಕ್ಷದ ಬಿ ಫಾರಂ ಹಿಡಿದು ಬರುವವನಿಗೆ ಬಾಗಿಲು ತೆರೆದಿದೆ. ಕರ್ನಾಟಕ ಈ ಬಾಗಿಲನ್ನು 2008ರಲ್ಲೇ ಕಂಡುಕೊಂಡಿತು. 110 ಸ್ಥಾನ ಗೆದ್ದ ಬಿಜೆಪಿಗೆ ಬಹುಮತಕ್ಕೆ ಮೂರು ಕಡಿಮೆಯಿತ್ತು. ಪಕ್ಷೇತರರಿಂದ ಸರ್ಕಾರವಾಯಿತು, ಆಮೇಲೆ ಬೇರೆ ಪಕ್ಷದ ಶಾಸಕರು ರಾಜೀನಾಮೆ ಕೊಟ್ಟು ಕಮಲದ ಚಿಹ್ನೆಯಲ್ಲಿ ಮರಳಿ ನಿಂತರು. ಆಪರೇಷನ್ ಕಮಲ ಎಂಬ ಹೆಸರು ನಿಂತುಬಿಟ್ಟಿತು. 2019ಕ್ಕೆ ಆ ವಿದ್ಯೆ ಪಳಗಿತ್ತು. ಕಾಂಗ್ರೆಸ್-ಜೆಡಿಎಸ್ ಸರ್ಕಾರದ ಜುಲೈ 23ರ ವಿಶ್ವಾಸಮತದ ಲೆಕ್ಕವನ್ನೇ ನೋಡಿ: ಪರ 99, ವಿರುದ್ಧ 105. 224 ಕ್ಷೇತ್ರಗಳ ಸಭೆಯಲ್ಲಿ 105 ಬಹುಮತವಲ್ಲ. ಇಪ್ಪತ್ತು ಮಂದಿ ಸದನಕ್ಕೇ ಬಾರದಿದ್ದುದರಿಂದ ಅದು ಬಹುಮತವಾಯಿತು. ಯಾರೂ ಎದ್ದುನಿಂತು ಈ ಸರ್ಕಾರ ಇಂಥ ಕಾರಣಕ್ಕೆ ಬೇಡ ಎನ್ನಬೇಕಾಗಲಿಲ್ಲ, ಮುಂಬೈಯ ಹೋಟೆಲಿನಲ್ಲಿ ಕೂತಿದ್ದರೆ ಸಾಕಿತ್ತು. ಆತ್ಮಸಾಕ್ಷಿಯ ಮಾತನ್ನು ಅಷ್ಟೊಂದು ಆಡಿದವರು ಅದನ್ನು ಸದನದಲ್ಲಿ ಒಮ್ಮೆ ಆಡಬಹುದಿತ್ತು.

ಇದಕ್ಕೆ ಬರುವ ಬಲವಾದ ಆಕ್ಷೇಪಣೆ, ಜನ ಅವರನ್ನು ಮತ್ತೆ ಗೆಲ್ಲಿಸಿದರಲ್ಲ ಎಂಬುದು. ಹೌದು, ಸ್ಪೀಕರ್ ಅನರ್ಹಗೊಳಿಸಿದ 17 ಶಾಸಕರಲ್ಲಿ 13 ಮಂದಿಯನ್ನು ಬಿಜೆಪಿ ಆ ಡಿಸೆಂಬರ್‌ನಲ್ಲಿ ಕಣಕ್ಕಿಳಿಸಿತು, 11 ಮಂದಿ ಗೆದ್ದರು. ಮತದಾರ ಮೋಸಹೋದ ಎಂದು ಹೇಳುವ ಸೊಕ್ಕು ಯಾರಿಗೂ ಬೇಡ. ಶಿವಮೊಗ್ಗದ ಜನ ಎಸ್. ಬಂಗಾರಪ್ಪನವರನ್ನು 1996ರಲ್ಲಿ ಕರ್ನಾಟಕ ಕಾಂಗ್ರೆಸ್ ಪಕ್ಷ, 1999ರಲ್ಲಿ ಕಾಂಗ್ರೆಸ್, 2004ರಲ್ಲಿ ಬಿಜೆಪಿ, 2005ರಲ್ಲಿ ಸಮಾಜವಾದಿ ಪಕ್ಷ, ಹೀಗೆ ನಾಲ್ಕು ಚಿಹ್ನೆಗಳಲ್ಲಿ ಲೋಕಸಭೆಗೆ ಕಳಿಸಿದವರು. ಮನುಷ್ಯನನ್ನು ನೋಡಿ ಮತ ಹಾಕುವುದು ಅವರ ಹಕ್ಕು. ಆದರೆ ಜನತೀರ್ಪೇ ಕೊನೆಯ ಮಾತು ಎನ್ನುವವರು ಸೋತ ಇಬ್ಬರ ಗತಿಯನ್ನೂ ನೋಡಬೇಕು. ಹೊಸಕೋಟೆಯ ಮತದಾರರು ಎಂ.ಟಿ.ಬಿ. ನಾಗರಾಜ್ ಅವರನ್ನು ತಿರಸ್ಕರಿಸಿದರು. ಮೇಲ್ಮನೆಯ ದಾರಿಯಲ್ಲಿ ಬಂದು ಅವರು 2021ರ ಜನವರಿಯಲ್ಲಿ ಮಂತ್ರಿಯಾದರು. ಹುಣಸೂರಿನಲ್ಲಿ ಸೋತ ಎಚ್. ವಿಶ್ವನಾಥ್ ಅವರಿಗೆ ನ್ಯಾಯಾಲಯ ಅಡ್ಡ ಬಂತು, ಅವರು ಮೇಲ್ಮನೆಗೆ ಚುನಾಯಿತರಾಗದೆ ನಾಮಕರಣಗೊಂಡಿದ್ದರು ಎಂಬ ಒಂದೇ ಕಾರಣಕ್ಕೆ. ಗೆದ್ದರೆ ಜನರ ತೀರ್ಪು, ಸೋತರೆ ಹಿಂಬಾಗಿಲು. ಇದನ್ನು ಜನತೀರ್ಪಿಗೆ ಕೊಟ್ಟ ಗೌರವ ಎನ್ನಲು ಬಾಯಿ ಬರುವುದಿಲ್ಲ.

ಹಾಗಿದ್ದರೆ ಅವಧಿ ಮುಗಿಯುವವರೆಗೆ ಅವರು ಚುನಾವಣೆಗೇ ನಿಲ್ಲಬಾರದೇ? ಆಗಿನ ಸ್ಪೀಕರ್ ರಮೇಶ್ ಕುಮಾರ್ ಹಾಗೆಯೇ ಆದೇಶಿಸಿದ್ದರು. ಸುಪ್ರೀಂ ಕೋರ್ಟ್ 2019ರ ನವೆಂಬರ್ 13ರಂದು ಅನರ್ಹತೆಯನ್ನು ಎತ್ತಿಹಿಡಿದು, ನಿರ್ಬಂಧದ ಅವಧಿಯನ್ನು ಮಾತ್ರ ರದ್ದು ಮಾಡಿತು. ನನ್ನ ಮಟ್ಟಿಗೆ ಅದು ಸರಿ. ನಿಲ್ಲಲಿ, ಗೆಲ್ಲಲಿ, ಶಾಸಕರಾಗಿ ಕೂರಲಿ. ಮಂತ್ರಿಗಿರಿ ಮಾತ್ರ ಆ ವಿಧಾನಸಭೆಯ ಅವಧಿ ಮುಗಿಯುವವರೆಗೆ ಬೇಡ. ನಿಗಮ-ಮಂಡಳಿಯ ಕಾರೂ ಬೇಡ. 2003ರ 91ನೇ ತಿದ್ದುಪಡಿ ಅನರ್ಹರಿಗೆ ಮಂತ್ರಿಗಿರಿ ತಡೆದಿದೆ ನಿಜ, ಆದರೆ ಮರುಆಯ್ಕೆಯಾದ ಕ್ಷಣ ಆ ತಡೆ ಬಿದ್ದುಹೋಗುತ್ತದೆ. 2020ರ ಫೆಬ್ರುವರಿ 6ರಂದು ಗೆದ್ದ ಹನ್ನೊಂದರಲ್ಲಿ ಹತ್ತು ಮಂದಿ ಪ್ರಮಾಣವಚನ ಸ್ವೀಕರಿಸಿದ್ದು ಆ ಸಂದಿಯಿಂದಲೇ. ಅದನ್ನು ಮುಚ್ಚಿದರೆ, ನಿಜವಾಗಿ ಮನಸ್ಸು ಬದಲಿಸಿದವನಿಗೆ ನಷ್ಟವೇನೂ ಇಲ್ಲ. ಇನ್ನೊಂದು ಕಡೆ, ವಿಪ್ಪಿನ ಹಗ್ಗವನ್ನು ಸಡಿಲಿಸಬೇಕು: ಸರ್ಕಾರದ ಅಳಿವು ಉಳಿವಿನ ಮತಕ್ಕಷ್ಟೇ ಅನರ್ಹತೆಯ ಭಯವಿರಲಿ. ದಿನೇಶ್ ಗೋಸ್ವಾಮಿ ಸಮಿತಿ 1990ರಲ್ಲೇ ಇಂಥ ಶಿಫಾರಸು ಮಾಡಿತ್ತು. ಅಭಿಪ್ರಾಯಭೇದವನ್ನು ಪಕ್ಷದೊಳಗೇ ಇದ್ದು ಹೇಳುವ ದಾರಿ ತೆರೆದರೆ, ಹೊರಗೆ ಹೋಗುವವನ ‘ಉಸಿರುಗಟ್ಟುವ ವಾತಾವರಣ’ ಎಂಬ ಸಿದ್ಧ ಉತ್ತರಕ್ಕೆ ಬೆಲೆ ಉಳಿಯುವುದಿಲ್ಲ.

ಈ ತಿದ್ದುಪಡಿಗೆ ಯಾವ ಪಕ್ಷವೂ ಅವಸರಪಡದಿರುವುದಕ್ಕೆ ಕಾರಣ ಸರಳ: ಇಂದು ಕಳೆದುಕೊಂಡವರು ನಾಳೆ ಕೊಳ್ಳಬೇಕಲ್ಲ. 2019ರಲ್ಲಿ ಬಿಜೆಪಿ ಶಾಲು ಹೊದಿಸಿ ಬರಮಾಡಿಕೊಂಡವರಲ್ಲಿ ಎಸ್.ಟಿ. ಸೋಮಶೇಖರ್ 2024ರ ರಾಜ್ಯಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ಮತ ಹಾಕಿದರು, ಶಿವರಾಮ ಹೆಬ್ಬಾರ್ ಮತಗಟ್ಟೆಗೇ ಬರಲಿಲ್ಲ. ಗೈರುಹಾಜರಿಯ ಬಲ ಏನೆಂದು 2019ರಲ್ಲಿ ಕಂಡಿದ್ದ ಬಿಜೆಪಿ ಇಬ್ಬರನ್ನೂ 2025ರ ಮೇ ತಿಂಗಳಲ್ಲಿ ಉಚ್ಚಾಟಿಸಿತು. ಕಾರಣ ಕೊಟ್ಟದ್ದು, ಪಕ್ಷವಿರೋಧಿ ಚಟುವಟಿಕೆ.